ಹಂಬಲ್: ಯಾರು, ಯಾರ ಬಗ್ಗೆ, ಯಾರ ಮುಂದೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಭಾಷೆ ಕಲಿಯುವವರಿಗೆ ಉಪಯೋಗಕ್ಕೆ ಬರುವಂಥ ವಿಷಯವನ್ನೇ ಆರಿಸಿಕೊಳ್ಳಬೇಕು ಎಂಬುದು ಈ ದತ್ತಿಯ ಆಶಯ. ಭಾಷೆಯ ಬಗ್ಗೆ ದೊಡ್ಡ ಮಾತುಗಳನ್ನು ಆಡುವುದು ಸುಲಭ; ಒಂದು ಪದವನ್ನು ಸರಿಯಾಗಿ ಕಲಿಸುವುದು ಕಷ್ಟ. ಆದ್ದರಿಂದ ಇವತ್ತು ಒಂದೇ ಒಂದು ಇಂಗ್ಲಿಷ್ ವಿಶೇಷಣವನ್ನು ಹಿಡಿದುಕೊಂಡು ಬಂದಿದ್ದೇನೆ. ಅದು ‘ಹಂಬಲ್’. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುವ ಮೊದಮೊದಲ ಅರ್ಜಿಗಳಲ್ಲೇ ಅದು ಬಂದು ಕೂತಿರುತ್ತದೆ. ವಕೀಲರ ಬಾಯಲ್ಲಿ ಇದೆ, ಪ್ರಶಸ್ತಿ ಪಡೆದವರ ಬಾಯಲ್ಲಿ ಇದೆ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ದಿನಬೆಳಗಾದರೆ ಇದೆ. ಇಷ್ಟು ಬಳಕೆಯಲ್ಲಿರುವ ಪದದ ಅರ್ಥ ಎಲ್ಲರಿಗೂ ಗೊತ್ತು ಎಂದುಕೊಂಡುಬಿಡುತ್ತೇವೆ.

ಕನ್ನಡದ ಕಿವಿಗೆ ಈ ಸದ್ದು ಹಳೆಯದು. ಹಂಬಲ ಎಂದರೆ ನಮಗೆ ಆಸೆ, ಕಾತರ, ಬೇಕುಬೇಕೆನ್ನುವ ಮನಸ್ಸು. ಇಂಗ್ಲಿಷಿನ ಹಂಬಲ್ ಎಂದರೆ ನನ್ನದೇನೂ ಇಲ್ಲ ಎಂದು ಹಿಂದೆ ಸರಿದು ನಿಲ್ಲುವುದು. ಎರಡಕ್ಕೂ ಯಾವ ನಂಟೂ ಇಲ್ಲ. ಆದರೂ ಹುದ್ದೆಗಾಗಿ ಹಂಬಲಿಸುವವರೇ ಎಲ್ಲರಿಗಿಂತ ಹಂಬಲ್ ಆಗಿ ಕೈಮುಗಿದು ಬರುವುದನ್ನು ನಾವು ಪ್ರತಿ ಚುನಾವಣೆಯಲ್ಲೂ ನೋಡುತ್ತೇವೆ. ಶ್ಲೇಷೆಯನ್ನು ಇಲ್ಲಿಗೇ ಬಿಡುತ್ತೇನೆ.

ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ನಮ್ರ, ವಿನೀತ, ದೀನ, ಬಡ, ಕೆಳದರ್ಜೆಯ ಎಂದೆಲ್ಲ ಅರ್ಥಗಳು ಒಂದೇ ಸಾಲಿನಲ್ಲಿ ಸಿಗುತ್ತವೆ. ಒಬ್ಬ ಸನ್ನಡತೆಯ ಮನುಷ್ಯನೂ ಒಂದು ಗುಡಿಸಲೂ ಒಂದೇ ಪದದೊಳಗೆ ಹೇಗೆ ಹೊಕ್ಕರು? ಇದಕ್ಕೆ ಪದದ ಹುಟ್ಟು ನೋಡಬೇಕು. ಲ್ಯಾಟಿನ್ನಿನಲ್ಲಿ ‘ಹ್ಯೂಮಸ್’ ಎಂದರೆ ನೆಲ, ಮಣ್ಣು. ಕೃಷಿ ಇಲಾಖೆಯವರು ಈಗಲೂ ಮಣ್ಣಿನಲ್ಲಿ ಕೊಳೆತು ಬೆರೆತ ಸತ್ವಕ್ಕೆ ಅದೇ ಹೆಸರು ಹೇಳುತ್ತಾರೆ. ಸಂಸ್ಕೃತದಲ್ಲಿ ಭೂಮಿ ಎಂಬ ಅರ್ಥವಿರುವ ‘ಕ್ಷಮಾ’ ಕೂಡ ಇದೇ ಬೇರಿನದು. ಆ ಹ್ಯೂಮಸ್‌ನಿಂದ ‘ಹ್ಯುಮಿಲಿಸ್’, ಅಂದರೆ ನೆಲಕ್ಕೆ ಹತ್ತಿರವಾದದ್ದು, ತಗ್ಗಿನದು. ರೋಮನ್ನರಿಗೆ ಅದು ಹೊಗಳಿಕೆಯಲ್ಲ. ಕುಲ, ಹಣ, ಎತ್ತರ ಯಾವುದೂ ಇಲ್ಲದವನಿಗೆ ಅನ್ನುತ್ತಿದ್ದ ಮಾತು. ತಗ್ಗಿನಲ್ಲಿರುವುದೇ ಗುಣ ಎಂದು ಅದನ್ನು ತಲೆಕೆಳಗು ಮಾಡಿದ್ದು ಕ್ರೈಸ್ತ ಧರ್ಮ. ಫ್ರೆಂಚಿನ ಮೂಲಕ 13ನೆಯ ಶತಮಾನದ ಹೊತ್ತಿಗೆ ಪದ ಇಂಗ್ಲಿಷಿಗೆ ಬಂದಾಗ ಎರಡು ಅರ್ಥಗಳನ್ನೂ ಹೊತ್ತುಕೊಂಡೇ ಬಂತು: ಒಂದು ಅಂತಸ್ತು, ಇನ್ನೊಂದು ಗುಣ. ಇವತ್ತಿಗೂ ಎರಡೂ ಬೇರ್ಪಟ್ಟಿಲ್ಲ. ಈ ಪದ ಬಳಸುವಾಗ ಆಗುವ ಎಡವಟ್ಟುಗಳಿಗೆಲ್ಲ ಈ ಜೋಡಿಯೇ ಕಾರಣ.

ನಮ್ಮ ಪದಗಳ ದಾರಿ ಬೇರೆ. ನಮ್ರ ಎಂಬುದು ಬಾಗುವ ಕ್ರಿಯೆಯಿಂದ ಬಂದದ್ದು. ವಿನಯ ಎಂಬುದು ನಡೆಸು, ತಿದ್ದು ಎಂಬ ಅರ್ಥದಿಂದ ಬಂದದ್ದು. ಪಳಗಿಸಿದ ಕುದುರೆಗೂ ವಿನೀತ ಎನ್ನಬಹುದಿತ್ತು, ಬೌದ್ಧ ಭಿಕ್ಷುಗಳ ನಿಯಮಾವಳಿಗೆ ವಿನಯಪಿಟಕ ಎಂದೇ ಹೆಸರು. ಅಂದರೆ ವಿನಯ ಶಿಕ್ಷಣದ ಫಲ, ಕಲಿತವನ ಗುಣ. ಅಚ್ಚಗನ್ನಡದ ‘ಕೀಳು’ ಎಂಬುದನ್ನು ಯಾರೂ ಗುಣ ಎಂದು ಕರೆದದ್ದಿಲ್ಲ. ಕೀಳರಿಮೆ ಎಂದರೆ ರೋಗ. ಕನ್ನಡ ಬೈಬಲ್ ಅನುವಾದಿಸಿದವರು ಈ ಇಕ್ಕಟ್ಟನ್ನು ಜಾಣತನದಿಂದ ದಾಟಿದರು. ವಿಶೇಷಣ ಹುಡುಕುತ್ತ ಕೂರದೆ ‘ತನ್ನನ್ನು ತಗ್ಗಿಸಿಕೊಳ್ಳು’ ಎಂಬ ಕ್ರಿಯಾಪದ ಹಿಡಿದರು. ತಗ್ಗಿನಲ್ಲಿ ಇರುವುದು ಬೇರೆ, ತಗ್ಗಿಸಿಕೊಳ್ಳುವುದು ಬೇರೆ. ಮೊದಲನೆಯದು ಪಾಡು, ಎರಡನೆಯದು ಆಯ್ಕೆ. ಇಂಗ್ಲಿಷಿನ ಹಂಬಲ್ ಈ ಎರಡನ್ನೂ ಒಂದೇ ಬಾಯಲ್ಲಿ ಹೇಳಿಬಿಡುತ್ತದೆ.

ಈ ಗೊಂದಲದಿಂದ ಸಾಹಿತ್ಯ ಹುಟ್ಟಿಸಿದವನು ಚಾರ್ಲ್ಸ್ ಡಿಕನ್ಸ್. 1849–50ರಲ್ಲಿ ಕಂತುಕಂತಾಗಿ ಬಂದ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಯುರೈಯಾ ಹೀಪ್ ಎಂಬ ಗುಮಾಸ್ತನಿದ್ದಾನೆ. ಕೈ ಹಿಸುಕಿಕೊಳ್ಳುತ್ತ, ಮೈ ತಿರುಚುತ್ತ, ನಾನು ತೀರಾ ಹಂಬಲ್ ಎಂದು ಬಾಯಿಗೆ ಬಂದಾಗಲೆಲ್ಲ ಹೇಳುತ್ತ, ಯಜಮಾನನ ವ್ಯವಹಾರವನ್ನು ಒಳಗೊಳಗೇ ನುಂಗುವವನು. ಕಾದಂಬರಿ ಓದಿದವರೆಲ್ಲ ಅವನನ್ನು ಕಪಟಿ ಎಂದು ತಳ್ಳಿಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅವನೇ ತನ್ನ ಬಾಲ್ಯದ ಬಗ್ಗೆ ಹೇಳುವ ಒಂದು ಪುಟ. ಅವನೂ ಅವನ ಅಪ್ಪನೂ ಓದಿದ್ದು ಧರ್ಮಾರ್ಥದ ಶಾಲೆಯಲ್ಲಿ, ನಮ್ಮ ಮಾತಿನಲ್ಲಿ ಹೇಳಬೇಕಾದರೆ ದತ್ತಿ ಶಾಲೆಯಲ್ಲಿ. (ದತ್ತಿ ಉಪನ್ಯಾಸದ ವೇದಿಕೆಯಲ್ಲಿ ನಿಂತು ಇದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ.) ಅಲ್ಲಿ ಬೇರೇನು ಕಲಿಸಿದರೋ ಬಿಟ್ಟರೋ, ಬೆಳಗಿನಿಂದ ಸಂಜೆವರೆಗೆ ಹಂಬಲ್ ಆಗಿರುವುದನ್ನಂತೂ ಕಲಿಸಿದರು. ಇವರ ಮುಂದೆ ಟೋಪಿ ತೆಗೆ, ಅವರ ಮುಂದೆ ಬಾಗು, ನಿನ್ನ ಜಾಗ ಯಾವುದೆಂದು ನೆನಪಿಟ್ಟುಕೋ. ಹಾಗೆ ಬಾಗಿದ್ದಕ್ಕೇ ಅಪ್ಪನಿಗೆ ಚರ್ಚಿನಲ್ಲಿ ಚಾಕರಿ ಸಿಕ್ಕಿತು. ಆ ಪಾಠವನ್ನು ಹೀಪ್ ಚೆನ್ನಾಗಿ ಕಲಿತ. ಅದನ್ನೇ ಕನ್ನಗತ್ತಿ ಮಾಡಿಕೊಂಡ. ಬಡವರ ಮಕ್ಕಳಿಗೆ ವಿನಯವನ್ನೇ ಮುಖ್ಯ ವಿಷಯವಾಗಿ ಕಲಿಸಿದ ವ್ಯವಸ್ಥೆಗೆ ಸಿಕ್ಕ ಅಂಕಪಟ್ಟಿ ಅವನು. ಡಿಕನ್ಸ್ ಅವನನ್ನು ಅಸಹ್ಯವಾಗಿಯೇ ಚಿತ್ರಿಸಿದ್ದಾನೆ, ನಿಜ. ಆದರೆ ಆ ಒಂದು ಪುಟದಲ್ಲಿ ತಪ್ಪನ್ನು ಅವನೊಬ್ಬನ ತಲೆಗೇ ಕಟ್ಟದಷ್ಟು ನ್ಯಾಯ ಉಳಿಸಿಕೊಂಡಿದ್ದಾನೆ.

ಹೀಪ್ ಆ ಪದವನ್ನು ‘ಅಂಬಲ್’ ಎನ್ನುತ್ತಾನೆ. ಹಕಾರ ಇಲ್ಲ. ಇದು ಕೆಳವರ್ಗದವನ ಉಚ್ಚಾರಣೆ ಎಂದು ಡಿಕನ್ಸ್ ತೋರಿಸಿದ್ದಾನೆ. ಹಾಸ್ಯವೇನೆಂದರೆ, ಶತಮಾನಗಳ ಕಾಲ ಒಳ್ಳೆಯ ಮನೆತನದ ಇಂಗ್ಲಿಷರೂ ಅದನ್ನು ಹಕಾರವಿಲ್ಲದೆಯೇ ನುಡಿಯುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಆ ಪದದ ಹಿಂದೆ ‘ಎ’ ಇಲ್ಲ, ‘ಆ್ಯನ್’ ಇದೆ. 19ನೆಯ ಶತಮಾನದಲ್ಲಿ ಹಕಾರ ಉಚ್ಚರಿಸುವುದು ಶಿಷ್ಟವಾಯಿತು, ಉಚ್ಚರಿಸದಿರುವುದು ಅಶಿಷ್ಟವಾಯಿತು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಳೇ ಮೈಸೂರಿನ ಎಷ್ಟೋ ಊರುಗಳ ಆಡುಮಾತಿನಲ್ಲಿ ಆ ಹಕಾರವೂ ಉದುರಿ ಆಲು, ಉಲಿ ಆಯಿತು. ಭಾಷೆಯ ಚರಿತ್ರೆಯಲ್ಲಿ ಅದು ಮುಂದಿನ ಹೆಜ್ಜೆ. ಶಾಲೆಯ ಕೊಠಡಿಯಲ್ಲಿ ಮಾತ್ರ ಅದು ನಗೆಪಾಟಲು. ನಕ್ಕವರ ಭಯಕ್ಕೆ ಮಕ್ಕಳು ಅಕ್ಕಿ ರೊಟ್ಟಿಯನ್ನೂ ಹಕ್ಕಿ ರೊಟ್ಟಿ ಮಾಡುತ್ತಾರೆ. ವಿನಯದ ಪದವೇ ಹೀಗೆ ಅಂತಸ್ತು ಅಳೆಯುವ ಕೋಲಾದದ್ದು ಇಂಗ್ಲಿಷಿನ ಸ್ವಾರಸ್ಯ.

ಇಲ್ಲಿ ಎರಡು ಹುಸಿನಂಟರನ್ನು ಬೇಗ ದಾಟಿಬಿಡೋಣ. ‘ಹಂಬಲ್ ಪೈ ತಿನ್ನು’ ಎಂದರೆ ಸೋಲೊಪ್ಪಿ ತಲೆತಗ್ಗಿಸು. ಈ ಪೈ ಮೊದಲು ಜಿಂಕೆಯ ಕರುಳು, ಈಲಿ, ಗುಂಡಿಗೆ ಹಾಕಿ ಮಾಡುತ್ತಿದ್ದದ್ದು. ಆ ಮಾಂಸಕ್ಕೆ ‘ನಂಬಲ್ಸ್’ ಎಂದು ಹೆಸರಿತ್ತು, ಮುಂದೆ ನಕಾರ ಉದುರಿ ‘ಅಂಬಲ್ಸ್’ ಆಯಿತು. ಸ್ಯಾಮ್ಯುಯೆಲ್ ಪೆಪಿಸ್ 1663ರ ದಿನಚರಿಯಲ್ಲಿ ಒಲೆಯಿಂದ ಆಗಷ್ಟೇ ಇಳಿದ ಅಂಥ ಪೈಯನ್ನು ಖುಷಿಯಿಂದ ನೆನೆದಿದ್ದಾನೆ. ಅಲ್ಲಿ ಅವಮಾನದ ಸುಳಿವೂ ಇಲ್ಲ. ಸದ್ದಿನ ಹೋಲಿಕೆಯಿಂದ ಶ್ಲೇಷೆ ಹುಟ್ಟಿ ನುಡಿಗಟ್ಟಾದದ್ದು ಆಮೇಲೆ. ಇನ್ನೊಂದು, ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ಹೇಳುವ ‘ಹಂಬಲ್ ಬೀ’. ಅದು ವಿನಯದ ದುಂಬಿಯಲ್ಲ, ಗುಂಯ್‌ಗುಡುವ ದುಂಬಿ; ಈಗ ಬಂಬಲ್ ಬೀ ಎನ್ನುತ್ತಾರೆ.

ಈಗ ದಿನಬಳಕೆಗೆ ಬರುತ್ತೇನೆ. ಈ ಪದವನ್ನು ಕಲಿಸುವ ಮೇಷ್ಟರು ಅರ್ಥ ಬರೆಸಿ ಮುಂದೆ ಹೋದರೆ ಏನೂ ಕಲಿಸಿದಂತಾಗಲಿಲ್ಲ. ಯಾವ ಪುರುಷದಲ್ಲಿ ಬಳಸುತ್ತೀ ಎಂದು ಮೊದಲು ಕೇಳಬೇಕು. ನಮ್ಮ ವ್ಯಾಕರಣದಲ್ಲಿ ‘ನಾನು’ ಎಂಬುದಕ್ಕೆ ಉತ್ತಮ ಪುರುಷ ಎಂಬ ಹೆಸರಿದೆ. ತನ್ನನ್ನು ತಾನೇ ಉತ್ತಮ ಎಂದುಕೊಳ್ಳುವ ಹಕ್ಕನ್ನು ವ್ಯಾಕರಣ ಕೊಟ್ಟಿದೆ, ಲೋಕ ಕೊಟ್ಟಿಲ್ಲ. ‘ನಾನು ಬಹಳ ವಿನಯವಂತ’ ಎಂದವನನ್ನು ನೋಡಿ ಮಂಡ್ಯದಲ್ಲೂ ನಗುತ್ತಾರೆ, ಮ್ಯಾಂಚೆಸ್ಟರಿನಲ್ಲೂ ನಗುತ್ತಾರೆ. ಹಾಗಾಗಿ ಇಂಗ್ಲಿಷಿನವರು ಈ ವಿಶೇಷಣವನ್ನು ತಮಗೆ ಅಂಟಿಸಿಕೊಳ್ಳದೆ ತಮ್ಮದಕ್ಕೆ ಅಂಟಿಸುತ್ತಾರೆ: ನನ್ನ ಹಂಬಲ್ ಅಭಿಪ್ರಾಯ, ನನ್ನ ಹಂಬಲ್ ಕಾಣಿಕೆ, ನನ್ನ ಹಂಬಲ್ ಮನೆ. ಮೂರಂತಸ್ತಿನ ಮನೆ ಕಟ್ಟಿಸಿ ‘ನಮ್ಮಂಥ ಬಡವರ ಮನೆಗೂ ಒಮ್ಮೆ ಬನ್ನಿ’ ಎನ್ನುವ ನಮ್ಮ ಯಜಮಾನರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಭಿಪ್ರಾಯದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ನನ್ನ ಹಂಬಲ್ ಅಭಿಪ್ರಾಯದಲ್ಲಿ’ ಎಂದು ಶುರುವಾದ ಇಂಗ್ಲಿಷ್ ವಾಕ್ಯ ಎದುರಿನವನನ್ನು ಮೂರ್ಖ ಎನ್ನುವುದರಲ್ಲಿ ಮುಗಿಯುವುದೇ ಹೆಚ್ಚು. ನಮ್ಮಲ್ಲಿ ‘ತಪ್ಪು ತಿಳ್ಕೋಬೇಡಿ’ ಎಂದು ಶುರುವಾಗುತ್ತದಲ್ಲ, ಹಾಗೆ.

ಮಧ್ಯಮ ಪುರುಷದಲ್ಲಿ ಈ ಪದ ಬಹುಮಟ್ಟಿಗೆ ನಿಷಿದ್ಧ. ‘ನಿಮ್ಮ ಹಂಬಲ್ ಮನೆಗೆ ಬಂದು ಸಂತೋಷವಾಯಿತು’ ಎಂದರೆ ಅದು ಬೈಗುಳ. ನಿಮ್ಮ ಬಡ ಮನೆ ಎಂದಂತಾಯಿತು. ನಿಮ್ಮ ತಂದೆಯವರು ಹಂಬಲ್ ಕೆಲಸದಲ್ಲಿದ್ದರಂತೆ ಎಂದರೂ ಅಷ್ಟೆ. ನಮ್ಮ ಹುಡುಗರು ‘ವಿನಯ’ ಎಂಬ ಅರ್ಥವನ್ನಷ್ಟೇ ಕಲಿತು ಹೊಗಳಲು ಹೋಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವ್ಯಕ್ತಿಗೆ ಸೇರಿದರೆ ಗುಣ. ಮನೆ, ಕುಲ, ಉದ್ಯೋಗ, ಸಂಬಳಕ್ಕೆ ಸೇರಿದರೆ ಬಡತನ. ನಿಯಮ ಇಷ್ಟೇ. ಆದರೆ ಇದನ್ನು ಹೇಳಿಕೊಡುವವರು ಕಡಿಮೆ.

ಪ್ರಥಮ ಪುರುಷದಲ್ಲಿ ಇದಕ್ಕೆ ಪೂರ್ತಿ ಸ್ವಾತಂತ್ರ್ಯ. ಅವರು ಬಹಳ ಹಂಬಲ್, ಹಂಬಲ್ ಹಿನ್ನೆಲೆಯಿಂದ ಬಂದವರು. ಪತ್ರಿಕೆಗಳ ವ್ಯಕ್ತಿಚಿತ್ರಗಳು ಈ ಎರಡು ವಾಕ್ಯಗಳ ಮೇಲೇ ನಿಂತಿವೆ. ಗಮನಿಸಿ, ಎರಡರಲ್ಲೂ ಒಂದು ಷರತ್ತು ಅಡಗಿದೆ: ಆ ವ್ಯಕ್ತಿ ಈಗ ದೊಡ್ಡವನಾಗಿರಬೇಕು. ಗೆದ್ದವನ ಬಡತನ ಮಾತ್ರ ‘ಹಂಬಲ್ ಬಿಗಿನಿಂಗ್ಸ್’. ಗೆಲ್ಲದವನದು ಬರೀ ಬಡತನ. ದೊಡ್ಡ ನಟ ಚಹಾ ಲೋಟ ತಾನೇ ಎತ್ತಿಟ್ಟರೆ ಹಂಬಲ್ ಎನ್ನುತ್ತೇವೆ. ಆ ಲೋಟಗಳನ್ನು ದಿನವಿಡೀ ಎತ್ತುವ ಹುಡುಗನನ್ನು ಹಾಗೆ ಕರೆದವರಿಲ್ಲ. ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದದ್ದು ಕನ್ನಡನಾಡಿನ ಮನಸ್ಸಿನಲ್ಲಿ ಉಳಿದದ್ದು ಹೀಗೇ. ಎತ್ತರದಲ್ಲಿ ನಿಂತವರು ಅಷ್ಟು ಕೆಳಗಿಳಿದು ಕರೆದರು ಎಂಬುದರಲ್ಲಿ ಅದರ ಬಲವಿತ್ತು. ಕನ್ನಡದಲ್ಲಿ ಅಂಥವರನ್ನು ಹೊಗಳುವಾಗ ನಾವು ಇರುವ ಗುಣ ಹೇಳುವುದಕ್ಕಿಂತ ಇಲ್ಲದ ದೋಷ ಹೇಳುತ್ತೇವೆ: ಜಂಬ ಇಲ್ಲ, ಹಮ್ಮುಬಿಮ್ಮು ಇಲ್ಲ, ದೊಡ್ಡವರು ಅನ್ನೋದೇ ಗೊತ್ತಾಗಲ್ಲ. ಜಂಬಪಡಲು ಕಾರಣ ಇತ್ತು, ಪಡಲಿಲ್ಲ ಎಂಬ ಲೆಕ್ಕ ಅದರಲ್ಲಿ ನೇರವಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಇದು ಹಂಬಲ್‌ಗಿಂತ ಪ್ರಾಮಾಣಿಕ ವಿಶೇಷಣ.

ಇದರ ಪಕ್ಕದ ಮನೆಯ ಪದ ‘ಮಾಡೆಸ್ಟ್’. ಎರಡನ್ನೂ ಒಂದೇ ಎಂದು ಕಲಿಸುವುದುಂಟು, ಒಂದೇ ಅಲ್ಲ. ಮಾಡೆಸ್ಟ್ ಬಂದದ್ದು ಅಳತೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಹಂಬಲ್ ಎಂಬುದು ನಿಂತ ಜಾಗ, ಮಾಡೆಸ್ಟ್ ಎಂಬುದು ಮಿತಿ. ಅದಕ್ಕೇ ಸಂಬಳದ ಏರಿಕೆ ಮಾಡೆಸ್ಟ್ ಆಗಬಹುದು, ಮಳೆ ಮಾಡೆಸ್ಟ್ ಆಗಬಹುದು, ಹಂಬಲ್ ಆಗಲಾರದು. ತನ್ನ ಸಾಧನೆಯನ್ನು ಇದ್ದಷ್ಟೇ ಅಥವಾ ಒಂದು ತೂಕ ಕಡಿಮೆ ಹೇಳುವವನು ಮಾಡೆಸ್ಟ್. ಅವನ ಒಳಮನಸ್ಸು ಹೇಗಿದ್ದರೂ ನಡೆಯುತ್ತದೆ. ಹಂಬಲ್ ಒಳಮನಸ್ಸನ್ನೂ ಕೇಳುತ್ತದೆ. 1729ರಲ್ಲಿ ಜೊನಾಥನ್ ಸ್ವಿಫ್ಟ್, ಐರ್ಲೆಂಡಿನ ಬಡವರು ತಮ್ಮ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಲಿ ಎಂಬ ಭಯಾನಕ ವಿಡಂಬನೆಗೆ ‘ಮಾಡೆಸ್ಟ್ ಪ್ರಪೋಸಲ್’ ಎಂದು ಹೆಸರಿಟ್ಟ. ಲೆಕ್ಕಾಚಾರದ ಮೃದು ಮಾತಿನಲ್ಲಿ ಎಂಥ ಕ್ರೌರ್ಯವನ್ನೂ ಮಂಡಿಸಬಹುದು ಎಂಬುದೇ ಅಲ್ಲಿನ ಬರೆ.

ಇದೇ ಪದ ಹೆಣ್ಣಿನ ಮೇಲೆ ಬಿದ್ದಾಗ ಅಳತೆ ಬದಲಾಗುತ್ತದೆ. ಗಂಡಸು ಮಾಡೆಸ್ಟ್ ಎಂದರೆ ತನ್ನ ಬಗ್ಗೆ ಕೊಚ್ಚಿಕೊಳ್ಳದವನು. ಹೆಂಗಸು ಮಾಡೆಸ್ಟ್ ಎಂದರೆ ಸೆರಗು, ನೋಟ, ನಡಿಗೆ. ‘ಡಿಮ್ಯೂರ್’, ‘ಕೋಯ್’ ಮುಂತಾದ ಅಕ್ಕತಂಗಿ ಪದಗಳೂ ಹೆಚ್ಚಾಗಿ ಹೆಣ್ಣಿನ ಮೇಲೆಯೇ ಬಳಕೆಯಾದವು. ಆ ಅರ್ಥ ನಮ್ಮ ದೇಶದ ಕಾನೂನಿಗೂ ಬಂತು. 1860ರ ಭಾರತೀಯ ದಂಡ ಸಂಹಿತೆಯ 354ನೆಯ ಕಲಮು ಹೆಣ್ಣಿನ ‘ಮಾಡೆಸ್ಟಿ’ಗೆ ಧಕ್ಕೆ ತರುವ ಬಲಪ್ರಯೋಗವನ್ನು ಅಪರಾಧ ಎಂದಿತು. ಮಾಡೆಸ್ಟಿ ಎಂದರೇನು ಎಂದು ಸಂಹಿತೆ ಎಲ್ಲೂ ಹೇಳಲಿಲ್ಲ. ಏಳೂವರೆ ತಿಂಗಳ ಹಸುಗೂಸಿನ ಮೇಲೆ ನಡೆದ ಕೃತ್ಯವೊಂದು ಸುಪ್ರೀಂ ಕೋರ್ಟಿಗೆ ಬಂದಾಗ ಈ ಪದವೇ ತೊಡಕಾಯಿತು. ನಾಚಿಕೆ ಇನ್ನೂ ಹುಟ್ಟದ ಕೂಸಿಗೆ ಮಾಡೆಸ್ಟಿ ಇದೆಯೇ? ಕೆಳಗಿನ ನ್ಯಾಯಾಲಯಗಳು ಇಲ್ಲ ಎಂದಿದ್ದವು. 1966ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಇದೆ ಎಂದಿತು. ಅದು ಕಲಿತ ಲಜ್ಜೆಯಲ್ಲ, ಹೆಣ್ಣಾಗಿ ಹುಟ್ಟಿದ್ದರಿಂದಲೇ ಬಂದದ್ದು ಎಂಬ ವ್ಯಾಖ್ಯೆ ಅಲ್ಲಿಂದ ನಿಂತಿತು. 1995ರ ಮತ್ತೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಪದಕ್ಕಾಗಿ ಆಕ್ಸ್‌ಫರ್ಡ್ ನಿಘಂಟನ್ನೂ ತೆರೆದು ನೋಡಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ಕಲಮಿನ ಸಂಖ್ಯೆ 74 ಆಗಿದೆ, ಪದ ಹಾಗೇ ಇದೆ. ನಮ್ಮ ಪತ್ರಿಕೆಗಳು ಇದನ್ನು ‘ಮಾನಭಂಗ’ ಎಂದು ಬರೆಯುತ್ತವೆ. ಹೊಡೆದವನದಲ್ಲ, ಹೊಡೆಸಿಕೊಂಡವಳ ಮಾನ ಹೋಯಿತು ಎನ್ನುವ ಆ ಪದವೂ ನನಗೆ ಒಪ್ಪಿಗೆಯಿಲ್ಲ. ಆದರೆ ಅದು ಬೇರೆ ಉಪನ್ಯಾಸದ ವಿಷಯ.

ಹಂಬಲ್‌ಗೆ ಮರಳುತ್ತೇನೆ. ಇದು ಕ್ರಿಯಾಪದವೂ ಹೌದು. ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದಲ್ಲಿ ಒಂದು ತಂಡ ಇನ್ನೊಂದನ್ನು ‘ಹಂಬಲ್’ ಮಾಡುತ್ತದೆ. ಕನ್ನಡ ಪತ್ರಿಕೆಯಲ್ಲಿ ‘ಮಣಿಸುತ್ತದೆ’. ಮಣಿ ಎಂದರೂ ಬಾಗು. ಅನುವಾದ ಇದಕ್ಕಿಂತ ಚೊಕ್ಕವಾಗಿ ಒದಗುವುದು ಅಪರೂಪ. ಈಚೆಗೆ ಒಂದು ತಿರುವಾಗಿದೆ. ಮೊದಲು ಸೋತವರು ಹಂಬಲ್ಡ್ ಆಗುತ್ತಿದ್ದರು, ಈಗ ಗೆದ್ದವರು ಆಗುತ್ತಾರೆ. ಪ್ರಶಸ್ತಿ ಕೈಗೆ ಬಂದೊಡನೆ ‘ಐ ಆ್ಯಮ್ ಹಂಬಲ್ಡ್’. ಇಂಗ್ಲಿಷ್ ಶುದ್ಧಿವಾದಿಗಳು ಸಿಡುಕುತ್ತಾರೆ: ನಿನ್ನನ್ನು ಎತ್ತಿದ್ದಾರೆ, ಇಳಿಸಿಲ್ಲವಲ್ಲ ಎಂದು. ನಾನು ಸಿಡುಕುವುದಿಲ್ಲ. ‘ನಿಮ್ಮ ಪ್ರೀತಿಗೆ ಮಣಿದಿದ್ದೇನೆ’ ಎಂದು ಹಾರ ಹಾಕಿಸಿಕೊಂಡವರು ಹೇಳುವುದು ನಮಗೆ ಹೊಸದಲ್ಲ. ಗೆಲುವು ತನ್ನೊಬ್ಬನದಲ್ಲ ಎಂದು ಅನ್ನಿಸುವ ಗಳಿಗೆ ನಿಜವಾಗಿಯೂ ಇರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಸಿಕ್ಕದೆ ಇದನ್ನು ಎಳೆದುಕೊಂಡರು.

ಸಿಡುಕಬೇಕಾದದ್ದು ಇನ್ನೊಂದಕ್ಕೆ. ಅಮೆರಿಕದ ಹಾಸ್ಯಲೇಖಕ ಹ್ಯಾರಿಸ್ ವಿಟಲ್ಸ್ 2010ರಲ್ಲಿ ಅದಕ್ಕೆ ‘ಹಂಬಲ್‌ಬ್ರ್ಯಾಗ್’ ಎಂಬ ಹೆಸರು ಚಾಲ್ತಿಗೆ ತಂದ, 2012ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು. ಗೊಣಗುವ ವೇಷದ ಜಂಬ ಅದು. ಹೆಸರು ಹೊಸದು, ಸರಕು ನಮ್ಮೂರಿನದೇ: ‘ಈ ಸಲವೂ ನನ್ನನ್ನೇ ಅಧ್ಯಕ್ಷನ್ನ ಮಾಡಿಬಿಟ್ರು ನೋಡಿ, ಎಷ್ಟು ಬೇಡ ಅಂದ್ರೂ ಕೇಳೋದೇ ಇಲ್ಲ.’ ‘ಮಗಳು ಅಮೆರಿಕಾಗೆ ಬಾ ಬಾ ಅಂತ ಪ್ರಾಣ ತಿಂತಾಳೆ, ಆ ಚಳಿ ಯಾರಿಗೆ ಬೇಕು ಹೇಳಿ.’ ಇದಕ್ಕಿಂತ ನಮ್ಮ ಕುಮಾರವ್ಯಾಸನ ರೀತಿ ಎಷ್ಟೋ ಮೇಲು. ಕಾವ್ಯ ರಚಿಸುವವನು ಗದುಗಿನ ವೀರನಾರಾಯಣ, ತಾನು ಬರೆದುಕೊಳ್ಳುವ ಕೈ ಮಾತ್ರ ಎಂದು ಪೀಠಿಕೆಯಲ್ಲಿ ಹೇಳಿದವನೇ, ಕರಡಿಲ್ಲದೆ, ತಿದ್ದುಪಡಿಯಿಲ್ಲದೆ ಬರೆಯಬಲ್ಲ ತನ್ನ ಶಕ್ತಿಯನ್ನೂ ಅಲ್ಲೇ ಘಂಟಾಘೋಷವಾಗಿ ಸಾರಿದ. ವಿನಯವನ್ನು ವಿನಯವಾಗಿ, ಹೆಮ್ಮೆಯನ್ನು ಹೆಮ್ಮೆಯಾಗಿ ಹೇಳಿದ; ಒಂದಕ್ಕೆ ಇನ್ನೊಂದರ ಬಟ್ಟೆ ತೊಡಿಸಲಿಲ್ಲ.

ಈ ಗುಣವನ್ನು ಅಭ್ಯಾಸದಿಂದ ಕಲಿಯಲು ಹೊರಟವನು ಬೆಂಜಮಿನ್ ಫ್ರಾಂಕ್ಲಿನ್. ಆತ್ಮಕಥೆಯಲ್ಲಿ ಅವನು ತಾನು ಸಾಧಿಸಬೇಕಾದ 12 ಗುಣಗಳ ಪಟ್ಟಿ ಮಾಡಿಕೊಂಡದ್ದನ್ನು ಹೇಳುತ್ತಾನೆ. ನಿನಗೆ ಅಹಂಕಾರ ಇದೆಯಪ್ಪಾ ಎಂದು ಕ್ವೇಕರ್ ಪಂಥದ ಗೆಳೆಯನೊಬ್ಬ ಉದಾಹರಣೆ ಸಮೇತ ತೋರಿಸಿದ ಮೇಲೆ ಹದಿಮೂರನೆಯದಾಗಿ ‘ಹ್ಯುಮಿಲಿಟಿ’ ಸೇರಿಸಿದ. ಅವನ ಸಾಧನೆಯ ಕ್ರಮ ಭಾಷೆ ಕಲಿಯುವವರಿಗೆ ಬಹಳ ಉಪಯುಕ್ತ. ನಿಶ್ಚಯವಾಗಿ, ಸಂಶಯವೇ ಇಲ್ಲದೆ ಎಂಬ ಪದಗಳನ್ನು ತನ್ನ ಮಾತಿನಿಂದ ಕಿತ್ತುಹಾಕಿದ. ಆ ಜಾಗದಲ್ಲಿ ನನಗೆ ತೋರುವಂತೆ, ಸದ್ಯಕ್ಕೆ ಹೀಗೆ ಕಾಣುತ್ತದೆ ಎಂಬಂಥವನ್ನು ನೆಟ್ಟ. ಇದರಿಂದ ಜನ ತನ್ನ ಮಾತು ಕೇಳತೊಡಗಿದರು ಎನ್ನುತ್ತಾನೆ. ಗುಣದ ತೋರಿಕೆ ಬಂತು, ಗುಣ ಬಂದಿತೆಂದು ಹೇಳಲಾರೆ ಎಂದು ಸೇರಿಸುತ್ತಾನೆ. ಅಹಂಕಾರವನ್ನು ಪೂರ್ತಿ ಗೆದ್ದರೂ ಆ ಗೆಲುವಿನ ಬಗ್ಗೆಯೇ ಅಹಂಕಾರಪಟ್ಟೇನು ಎಂದೂ ಒಪ್ಪಿಕೊಳ್ಳುತ್ತಾನೆ.

ಫ್ರಾಂಕ್ಲಿನ್ ಬೆವರು ಸುರಿಸಿ ಕಲಿತದ್ದು ಕನ್ನಡದಲ್ಲಿ ವ್ಯಾಕರಣದೊಳಗೇ ಇದೆ ಎಂದು ನನಗೆ ಅನ್ನಿಸುತ್ತದೆ. ಈಗ ನೋಡಿ, ‘ನನಗೆ ಅನ್ನಿಸುತ್ತದೆ’ ಎಂದೆ. ನಾನು ಕರ್ತೃವಲ್ಲ, ಚತುರ್ಥಿ ವಿಭಕ್ತಿಯಲ್ಲಿ ಬದಿಗೆ ನಿಂತಿದ್ದೇನೆ. ಇಂಗ್ಲಿಷಿನವನು ‘ನಾನು ಇಂಗ್ಲಿಷ್ ಬಲ್ಲೆ’ ಎಂಬ ಧಾಟಿಯಲ್ಲಿ ಹೇಳುತ್ತಾನೆ. ನಾವು ‘ನನಗೆ ಇಂಗ್ಲಿಷ್ ಬರುತ್ತದೆ’ ಎನ್ನುತ್ತೇವೆ. ಅದೇ ದೊಡ್ಡ ಮನಸ್ಸು ಮಾಡಿ ಬರುತ್ತದೆ. ‘ಇರಬಹುದೇನೋ’ ಎಂಬ ಒಂದು ಬಾಲಕ್ಕೆ ಅವನ ಅರ್ಧ ಪಟ್ಟಿ ಸಮ. ಆದರೆ ಇದನ್ನು ಹಿಗ್ಗಿಸಿ ಕನ್ನಡಿಗರು ಹುಟ್ಟಾ ವಿನಯವಂತರು ಎಂದು ಚಪ್ಪಾಳೆ ಹೊಡೆಸಿಕೊಳ್ಳಲು ನಾನು ಸಿದ್ಧನಿಲ್ಲ. ‘ನನಗೆ ಕೋಪ ಬಂತು’, ‘ನನಗೆ ದುಡ್ಡು ಬೇಕು’ ಇವೂ ಅದೇ ವಿಭಕ್ತಿ.

ಕೊನೆಯದಾಗಿ ಅರ್ಜಿಯ ಮಾತು. 18ನೆಯ ಶತಮಾನದ ಇಂಗ್ಲಿಷರು ಶತ್ರುವಿಗೆ ಬರೆದ ಪತ್ರವನ್ನೂ ‘ನಿಮ್ಮ ಅತಿ ವಿಧೇಯ, ಹಂಬಲ್ ಸೇವಕ’ ಎಂದು ಮುಗಿಸುತ್ತಿದ್ದರು. ಅದಕ್ಕೆ ಅರ್ಥವಿರಲಿಲ್ಲ, ಶಾಸ್ತ್ರವಿತ್ತು. ಅದೇ ಶಾಸ್ತ್ರ ಕಂಪನಿಯ ಕಚೇರಿಗಳ ಮೂಲಕ ಇಲ್ಲಿಗೆ ಬಂದಾಗ ಅಕ್ಷರಶಃ ಅರ್ಥ ಪಡೆಯಿತು. ಸಮಾನರ ನಡುವಿನ ಅಲಂಕಾರ, ಆಳುವವರ ಮುಂದೆ ಆಳಿನ ಸಹಿಯಾಯಿತು. ಅರ್ಜಿ ಬರೆದುಕೊಡುವವರು ‘ಹಂಬಲ್ ಪಿಟಿಷನ್’ ಎಂದು ಮೇಲೆ ಬರೆದು, ಕೆಳಗೆ ಸೇವಕನೆಂದು ಬರೆದು, ನಡುವೆ ಹೊಲದ ತಗಾದೆ ತುಂಬಿಸುತ್ತಿದ್ದರು. ಕನ್ನಡದಲ್ಲಿ ಅರಿಕೆ, ಬಿನ್ನಹ ಎಂಬ ಹಳೆಯ ಪದಗಳಿದ್ದವು, ಅವೂ ತಲೆಬಾಗಿದ ಪದಗಳೇ. ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಜ್ವರದ ರಜೆಗೆ ಬರೆಯುವ ಮಗು ಈ ಎರಡೂ ಪರಂಪರೆಗಳ ವಾರಸುದಾರ. ‘ಹಂಬಲ್ ರಿಕ್ವೆಸ್ಟ್’ ಎಂದು ನಾವು ಬರೆಯುವುದನ್ನು ಕಂಡು ಲಂಡನ್ನಿನವರು ಹಳೆಯ ಕಾಲದ್ದೆಂದು ನಗಬಹುದು. ನಗಲಿ. ಅದು ‘ಸವಿನಯ ವಿನಂತಿ’ಯ ಸರಿಯಾದ ಇಂಗ್ಲಿಷ್, ನಮ್ಮ ಇಂಗ್ಲಿಷಿನಲ್ಲಿ ಅದು ಇರಲಿ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಕಾರ್ಯದರ್ಶಿಗಳು ‘ಹಂಬಲ್ ರಿಕ್ವೆಸ್ಟ್’ ಎಂದರೆ ಅದು ಎಚ್ಚರಿಕೆ, ಮುಂದಿನ ತಿಂಗಳು ದಂಡ ಬೀಳುತ್ತದೆ ಎಂಬುದನ್ನೂ ಕಲಿಯುವವರು ತಿಳಿದಿರಬೇಕು.

ಈ ಸಹಿಯನ್ನು ನಿರಾಕರಿಸಿದ ಒಂದು ಪತ್ರವನ್ನು ನಮ್ಮ ಇಂಗ್ಲಿಷ್ ಪಠ್ಯಗಳಲ್ಲಿ ಪಾಠವಾಗಿ ಇಡಬೇಕು ಎಂಬುದು ನನ್ನ ಆಸೆ. ಗಾಂಧೀಜಿ 1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಬರೆದದ್ದು. ಸಂಬೋಧನೆ ‘ಪ್ರಿಯ ಮಿತ್ರ’, ಕೊನೆಗೆ ‘ನಿಮ್ಮ ಪ್ರಾಮಾಣಿಕ ಮಿತ್ರ’. ಪ್ರಭುವಿಲ್ಲ, ಸೇವಕನಿಲ್ಲ. ನಡುವೆ ಲೆಕ್ಕ: ವೈಸ್‌ರಾಯರ ಸಂಬಳ ತಿಂಗಳಿಗೆ 21,000 ರೂಪಾಯಿ, ಸರಾಸರಿ ಭಾರತೀಯನ ವರಮಾನದ ಐದು ಸಾವಿರ ಪಟ್ಟಿಗೂ ಹೆಚ್ಚು. ಪತ್ರವನ್ನು ಒಯ್ದು ಕೊಟ್ಟವನು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣ. ಇದೇ ಗಾಂಧೀಜಿ ಆತ್ಮಕಥೆಯ ಪೀಠಿಕೆಯಲ್ಲಿ ಸತ್ಯ ಹುಡುಕುವವನು ಧೂಳಿಗಿಂತಲೂ ಹಂಬಲ್ ಆಗಿರಬೇಕು ಎಂದವರು. ಹ್ಯೂಮಸ್ ಎಂಬ ಮೂಲ ನೆನಪಿದ್ದವರಿಗೆ ಆ ಧೂಳು ಎಷ್ಟು ಸರಿಯಾದ ಜಾಗದಲ್ಲಿ ಬಿದ್ದಿದೆ ಎಂದು ತಿಳಿಯುತ್ತದೆ. ಸತ್ಯದ ಮುಂದೆ ಧೂಳು, ಸಾಮ್ರಾಟನ ಪ್ರತಿನಿಧಿಯ ಮುಂದೆ ಮಿತ್ರ. ವೈಸ್‌ರಾಯರ ಒಣ ಉತ್ತರ ಬಂದ ಮೇಲೆ, ಮಂಡಿಯೂರಿ ರೊಟ್ಟಿ ಕೇಳಿದ್ದಕ್ಕೆ ಕಲ್ಲು ಸಿಕ್ಕಿತು ಎಂಬರ್ಥದಲ್ಲಿ ಅವರು ಬರೆದದ್ದೂ ಉಂಟು. ಬಾಗುವ ಭಾಷೆಯನ್ನು ಅವರು ಬಿಟ್ಟಿರಲಿಲ್ಲ. ಯಾವಾಗ ಬಾಗಬೇಕೆಂಬುದನ್ನು ತಾವೇ ನಿರ್ಧರಿಸುತ್ತಿದ್ದರು. ಮಾರ್ಚ್ 12ರಂದು ದಂಡಿಯ ಕಡೆಗೆ ಹೊರಟರು.

ಈ ಪದ ಇವತ್ತಿಗೂ ಪೂರ್ತಿ ರಾಜಮರ್ಯಾದೆಯೊಂದಿಗೆ ಬದುಕಿರುವ ಜಾಗ ಬ್ರಿಟಿಷ್ ಪಾರ್ಲಿಮೆಂಟು. ಅಲ್ಲಿ ಸದನವು ಸಿಂಹಾಸನಕ್ಕೆ ಸಲ್ಲಿಸುವ ಕೋರಿಕೆಗೆ ‘ಹಂಬಲ್ ಅಡ್ರೆಸ್’ ಎಂದು ಹೆಸರು. ಠರಾವಿನ ಪಾಠದಲ್ಲಿ ಈಗಲೂ ‘ಆ್ಯನ್ ಹಂಬಲ್ ಅಡ್ರೆಸ್’ ಎಂದೇ ಬರೆಯುತ್ತಾರೆ, ಉದುರಿಹೋಗಿದ್ದ ಹಕಾರದ ಗುರುತಾಗಿ. 2018ರ ನವೆಂಬರ್ 13ರಂದು ವಿರೋಧಪಕ್ಷ ಇದೇ ಠರಾವಿನ ಮೂಲಕ, ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಒಪ್ಪಂದದ ಬಗ್ಗೆ ಅಟಾರ್ನಿ ಜನರಲ್ ಕೊಟ್ಟ ಕಾನೂನು ಸಲಹೆಯನ್ನು ಪೂರ್ತಿಯಾಗಿ ಬಹಿರಂಗಪಡಿಸಬೇಕೆಂದು ವಿನಮ್ರವಾಗಿ ಕೋರಿತು. ಸದನ ಒಪ್ಪಿತು. ಸರ್ಕಾರ ಸಾರಾಂಶ ಮಾತ್ರ ಕೊಟ್ಟು ಪಾರಾಗಲು ನೋಡಿತು. ಡಿಸೆಂಬರ್ 4ರಂದು ಸದನವು ಸರ್ಕಾರವನ್ನೇ ನಿಂದನೆಯ ತಪ್ಪಿತಸ್ಥ ಎಂದು ಮತ ಹಾಕಿ ತೀರ್ಮಾನಿಸಿತು. ಮಾರನೆಯ ದಿನ ಸಲಹೆಯ ಪೂರ್ಣ ಪಾಠ ಪ್ರಕಟವಾಯಿತು.